‘ಬುಡು’ ಜರ್ಮನಿಗೆ ಹೋದದ್ದು

ಶ್ರೀರಂಗಪಟ್ಟಣ

ಜರ್ಮನಿಗೆ ಹೋಗಬೇಕಾಗಿದ್ದವನು ನಾನಲ್ಲ, ನನ್ನ ಗೆಳೆಯ ಬೋರೇಗೌಡ. ಪಾಸ್‌ಪೋರ್ಟು ಮೊದಲು ಮಾಡಿಸಿದವನು ಅವನು, ದಪ್ಪ ಸ್ವೆಟರು ಕೊಂಡವನು ಅವನು, ಪೇಟೆ ಬೀದಿಯಲ್ಲಿ ಎದುರಿಗೆ ಸಿಕ್ಕವರಿಗೆಲ್ಲ “ಅಲ್ಲಿ ಬೆಳಿಗ್ಗೆ ಎದ್ರೆ ಬರೀ ಬ್ರೆಡ್ಡಂತೆ ಕಣ್ಲಾ, ಎಂಗಪ್ಪಾ ಬದುಕೋದು” ಎಂದು ಸಾರಿಕೊಂಡು ಬಂದವನೂ ಅವನೇ. ಆ ವರ್ಷದ ಆಷಾಢದಲ್ಲಿ ಅವನಿಗೆ ಕಾಮಾಲೆ ಬಂತು. ನಾಟಿ ಔಷಧಿ ಕುಡಿದುಕೊಂಡು ಹತ್ತು ದಿನ ತಳ್ಳಿದ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕೈಮೀರಿತ್ತು. ಶೀಳನೆರೆಯ ಅವರ ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದೆವು.

ಶ್ರೀರಂಗಪಟ್ಟಣದಲ್ಲಿ ನಮ್ಮಿಬ್ಬರದೂ ಸೇರಿ ಒಂದು ಸಣ್ಣ ವರ್ಕ್‌ಶಾಪ್ ಇತ್ತು. ಮೊದಲು ರೇಡಿಯೋ ರಿಪೇರಿ, ಆಮೇಲೆ ಟ್ರಾಕ್ಟರಿನ ಮೀಟರು, ತೊಂಬತ್ತರ ದಶಕದ ಕೊನೆಗೆ ಬರುವಷ್ಟರಲ್ಲಿ ಕಂಪ್ಯೂಟರು. ಬೆಸುಗೆ ನನ್ನದು, ಪ್ರೋಗ್ರಾಮು ಬರೆಯುವುದು ಅವನದು. ಎರಡು ವರ್ಷ ಕೂತು ನಾವು ಒಂದು ಪೆಟ್ಟಿಗೆ ಮಾಡಿದ್ದೆವು. ದೊಡ್ಡ ಗಾಡಿಗಳಲ್ಲಿ ಎಂಜಿನ್ನು, ಗೇರು, ಬ್ರೇಕು ಇವುಗಳ ಪೆಟ್ಟಿಗೆಗಳೆಲ್ಲ ಎರಡೇ ಎರಡು ತಂತಿಗೆ ಜೋತುಬಿದ್ದು ಒಂದರೊಡನೊಂದು ಮಾತಾಡುತ್ತವೆ. ಆ ತಂತಿಯ ಏರ್ಪಾಡಿಗೆ ಕ್ಯಾನ್ ಎಂದು ಹೆಸರು. ನಮ್ಮ ಪೆಟ್ಟಿಗೆ ಆ ಮಾತನ್ನು ಕೇಳಿಸಿಕೊಂಡು, ಎಂಜಿನ್ ಎಷ್ಟು ಬಿಸಿಯಾಗಿದೆ, ಆಯಿಲ್ ಎಷ್ಟಿದೆ ಎಂದು ಡ್ರೈವರನ ಮುಂದೆ ತೋರಿಸುತ್ತಿತ್ತು. ಒಳಗೆ ಓಡುತ್ತಿದ್ದದ್ದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಬೆಂಗಳೂರಿನ ಪರಿಚಯದವರೊಬ್ಬರು ಸೀಡಿಯಲ್ಲಿ ಹಾಕಿ ಕೊಟ್ಟಿದ್ದರು. “ಇದರ ಯಜಮಾನ ಯಾರೋ?” ಎಂದು ನಾನು ಕೇಳಿದ್ದಕ್ಕೆ ಬೋರ, “ಗೋಮಾಳ ಇದ್ದಂಗೆ ಕಣ್ಲಾ ಶಿವ. ಯಾರ್ ಬೇಕಾದ್ರೂ ದನ ಮೇಯಿಸ್ಕಬೋದು, ಬೇಲಿ ಹಾಕಂಗಿಲ್ಲ ಅಷ್ಟೇಯ” ಅಂದಿದ್ದ.

ಉತ್ತರ ಜರ್ಮನಿಯ ಒಂದು ಸಣ್ಣ ಕಂಪನಿಯವರು ಬೀಟ್ ಕೀಳುವ ಯಂತ್ರ ಮಾಡುತ್ತಿದ್ದರು. ನಮ್ಮಲ್ಲಿ ಕಬ್ಬಿನಿಂದ ಸಕ್ಕರೆ ತೆಗೆಯುವಂತೆ ಅವರು ಮೂಲಂಗಿಯಂಥ ಒಂದು ಬಿಳಿ ಗೆಡ್ಡೆಯಿಂದ ತೆಗೆಯುತ್ತಾರೆ. ನಮ್ಮ ಪೆಟ್ಟಿಗೆಯನ್ನು ಆರು ವಾರ ಇಟ್ಟುಕೊಂಡು ನೋಡುತ್ತೇವೆ, ಹೊಲದಲ್ಲಿ ಇಡೀ ದಿನ ತಪ್ಪಿಲ್ಲದೆ ಓಡಿದರೆ ನಮ್ಮ ಯಂತ್ರಕ್ಕೆ ತೆಗೆದುಕೊಳ್ಳುತ್ತೇವೆ, ಇಲ್ಲವಾದರೆ ವಾಪಸ್ಸು ಎಂದು ಬರೆದಿದ್ದರು. ಬೋರನ ಹೆಂಡತಿ ರತ್ನಮ್ಮ ನಾಗಮಂಗಲದ ತವರಿನಿಂದ ಬಸ್ಸು ಹಿಡಿದು ಬಂದು ಆ ಸ್ವೆಟರನ್ನು ನನ್ನ ಕೈಗಿಟ್ಟರು. “ನೀವೇ ಹೋಗ್ಬುಟ್ಟು ಬನ್ನಿ ಶಿವಣ್ಣ. ಅವ್ರು ಮಾಡಿದ್ದು ಮೂಲೆಗೆ ಬೀಳ್ಬಾರ್ದು. ಅವ್ರದ್ದು ಅಂತ ಇನ್ನೇನದೆ ಈ ಭೂಮಿ ಮ್ಯಾಲೆ?” ಅಂದರು. ಅವರಿಗೆ ಮಕ್ಕಳಿರಲಿಲ್ಲ. ನಾನು ಆಗಲಿ ಎಂದೆ.

ಪಾಲಹಳ್ಳಿಯಲ್ಲಿ ನಮ್ಮವ್ವನಿಗೆ ವಿಷಯ ತಿಳಿಸಿದಾಗ ಅವ್ವ ಕೇಳಿದ್ದು ಇಷ್ಟು: “ಕ್ಯಾನ್ ನೋಡಾಕೆ ಅಷ್ಟು ದೂರ ಹೋಯ್ತೀಯಾ? ಇಲ್ಲಿ ಡೈರೀಲಿ ಇರೋ ಹಾಲಿನ ಕ್ಯಾನೇ ತೊಳೆಯೋರಿಲ್ಲ.”

ಮೊದಲ ವಾರ

ಆ ಊರಿಗೆ ನಾನು ಇಳಿದದ್ದು ಮಧ್ಯಾಹ್ನ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಯಾರೋ ಸತ್ತಿರಬೇಕು, ಅದಕ್ಕೇ ಅಂಗಡಿ ಬಾಗಿಲು ಹಾಕಿದ್ದಾರೆ ಅಂದುಕೊಂಡೆ. ಯಾರೂ ಸತ್ತಿರಲಿಲ್ಲ. ಅವರು ದಿನಾಲೂ ಹಾಗೇ ಇರುತ್ತಾರೆ.

ಮೂರನೆಯ ದಿನ ಬೆಳಿಗ್ಗೆ ಬಸ್ಸಿಗೆ ಓಡಿದೆ. ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿದ, ನಾನೂ ಅವನನ್ನು ನೋಡಿದೆ. ಗಡಿಯಾರದ ಮುಳ್ಳು ಹೊರಡುವ ಹೊತ್ತಿಗೆ ಬಂದ ತಕ್ಷಣ ಬಾಗಿಲು ಮುಚ್ಚಿಕೊಂಡು ಹೊರಟೇಬಿಟ್ಟ. ಪಾಂಡವಪುರದಲ್ಲಾಗಿದ್ದರೆ ಕಂಡಕ್ಟರು ವಿಷಲ್ ಊದಿ, ಬಸ್ಸು ನಿಲ್ಲಿಸಿ, “ಬೇಗ ಬಾರಯ್ಯೋ, ನಿನ್ ಒಬ್ಬನ್ಗೋಸ್ಕರ ಊರೆಲ್ಲ ಕಾಯ್ಬೇಕಾ” ಎಂದು ನಾಲ್ಕು ಜನರ ಮುಂದೆ ಮಾನ ತೆಗೆದು ಹತ್ತಿಸಿಕೊಳ್ಳುತ್ತಿದ್ದ. ಆ ಬೈಗುಳ ಎಂಥ ಮರ್ಯಾದೆ ಅನ್ನುವುದು ನನಗೆ ಗೊತ್ತಾಗಿದ್ದು ಅಲ್ಲಿ, ಖಾಲಿ ರಸ್ತೆಯಲ್ಲಿ ಏದುಸಿರು ಬಿಡುತ್ತ ನಿಂತಾಗ.

ನಾನಿದ್ದದ್ದು ಎಲ್ಸಾ ಎಂಬ ಎಪ್ಪತ್ತು ದಾಟಿದ ವಿಧವೆಯ ಮನೆಯ ಮಹಡಿಯ ಕೋಣೆಯಲ್ಲಿ. ಆಯಮ್ಮ ಒಳ್ಳೆಯವರೇ. ಆದರೆ ನನಗೆ ಜರ್ಮನ್ ಬಾರದು, ಅವರಿಗೆ ಇಂಗ್ಲಿಷ್ ಬಾರದು. ಏನಾದರೂ ಹೇಳಬೇಕಾದರೆ ಚಿತ್ರ ಬರೆದು ಮೆಟ್ಟಿಲ ಮೇಲೆ ಇಡುತ್ತಿದ್ದರು. ಒಂದು ದಿನ ಬಕೆಟ್ಟಿನ ಚಿತ್ರ ಬರೆದು ಅದರ ಮೇಲೆ ಅಡ್ಡಗೆರೆ ಎಳೆದಿದ್ದರು. ಸ್ನಾನದ ಕೋಣೆಯ ನೆಲವನ್ನೇ ಬಚ್ಚಲು ಅಂದುಕೊಂಡು ನಾನು ಅಲ್ಲೇ ನಿಂತು ಬಕೆಟ್ಟಿನಿಂದ ನೀರು ಹುಯ್ದುಕೊಂಡಿದ್ದೆ. ನೀರು ಕೆಳಗಿನ ಅಡುಗೆಮನೆಯ ಸೂರಿನಿಂದ ತೊಟ್ಟಿಕ್ಕಿತ್ತಂತೆ. ನಾಚಿಕೆಯಿಂದ ಸತ್ತುಹೋಗುವಂತಾಯಿತು. ಕೈಮುಗಿದೆ. ಅವರಿಗೆ ಕೈಮುಗಿದದ್ದು ಯಾಕೆ ಅಂತಲೂ ತಿಳಿಯಲಿಲ್ಲ, ಇನ್ನೊಂದು ಟವಲು ಕೊಟ್ಟರು.

ಊರಾಚೆ ಸಕ್ಕರೆ ಕಾರ್ಖಾನೆ ಇತ್ತು. ಪಾಂಡವಪುರದಲ್ಲಿ ಕಬ್ಬು ಅರೆಯುವ ಕಾಲದಲ್ಲಿ ಮೂಗಿಗೆ ಬಡಿಯುತ್ತಲ್ಲ, ಆ ಕಾಕಂಬಿ ವಾಸನೆ, ಅದು ಸಿಗಬಹುದೆಂದು ಆಸೆಯಿಂದ ನಡೆದು ಹೋದೆ. ಅಲ್ಲಿ ಬರುತ್ತಿದ್ದದ್ದು ಮಣ್ಣು ಸಮೇತ ಬೇಯಿಸಿದ ಗೆಣಸಿನ ವಾಸನೆ. ಆ ವಾಸನೆ ಕುಡಿದುಕೊಂಡು ಹೋದ ದಾರಿಯಲ್ಲೇ ವಾಪಸ್ಸು ಬಂದೆ. ಅಂದು ಇಡೀ ದಿನ ನಾನು ಯಾರೊಂದಿಗೂ ಒಂದು ಮಾತೂ ಆಡಿರಲಿಲ್ಲ.

ಕಂಪನಿಯ ಶೆಡ್ಡು

ನನ್ನ ಜೊತೆ ಕೆಲಸಕ್ಕೆ ಹಾಕಿದ್ದವನ ಹೆಸರು ಯೂರ್ಗೆನ್. ನನ್ನದೇ ವಯಸ್ಸಿನ, ನಲವತ್ತರ ಆಸುಪಾಸಿನ ಉದ್ದನೆಯ ಮನುಷ್ಯ. ಅವನ ಇಂಗ್ಲಿಷೂ ನನ್ನ ಇಂಗ್ಲಿಷಿನ ಹಾಗೇ ಕುಂಟುತ್ತಿದ್ದದ್ದು ಒಂದು ಸಮಾಧಾನ. ಅವನು ಕೇಳಿದ್ದಕ್ಕೆ ಹೌದು, ಇಲ್ಲ, ಅಷ್ಟೇ ಹೇಳುವ ಜಾತಿ. ಎದುರಿಗಿರುವವನ ಊರು, ಹೆಂಡತಿ ಮಕ್ಕಳು ಒಂದನ್ನೂ ವಿಚಾರಿಸನು. ಎರಡು ವಾರ ಪಕ್ಕದಲ್ಲಿ ಕೂತರೂ ನನಗೆ ಮದುವೆಯಾಗಿದೆಯೇ ಎಂದು ಕೇಳಲಿಲ್ಲ. ನಮ್ಮ ಕೆ.ಆರ್. ಪೇಟೆ ಬಸ್ಸಿನಲ್ಲಿ ಕಿಟಕಿ ಪಕ್ಕದವನು ಕಿಕ್ಕೇರಿ ಬರುವುದರೊಳಗೆ ಇಷ್ಟನ್ನೂ ಕೇಳಿ, ಗೋತ್ರವನ್ನೂ ಕೇಳಿರುತ್ತಾನೆ.

ಪ್ರೋಗ್ರಾಮನ್ನು ಅವನು ಸಾಲು ಸಾಲಾಗಿ ಓದಿದ. ಬೋರ ಅದರಲ್ಲಿ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಇಟ್ಟಿದ್ದ. ತಂತಿಗೆ ಸುದ್ದಿ ಕಳಿಸುವ ಭಾಗಕ್ಕೆ ‘ಹೇಳು’, ಸುದ್ದಿ ತೆಗೆದುಕೊಳ್ಳುವ ಭಾಗಕ್ಕೆ ‘ಕೇಳು’. ಯೂರ್ಗೆನ್ ಅರ್ಥ ಕೇಳಿದ, ಹೇಳಿದೆ, ತಲೆಯಾಡಿಸಿದ. ಆಮೇಲೆ ಅವನ ಬೆರಳು ಇನ್ನೊಂದು ಪದದ ಮೇಲೆ ನಿಂತಿತು. ‘ಕೇಳು’ ಮುಗಿದಲ್ಲೆಲ್ಲ ಅದೊಂದು ಸಾಲು ಇತ್ತು: ‘ಬುಡು’.

“ಇದು?”

ನನಗೆ ಮೈಯೆಲ್ಲ ಮುದುಡಿದಂತಾಯಿತು. ಕೇಳು, ಹೇಳು ಪುಸ್ತಕದ ಮಾತು, ಯಾರ ಮುಂದೆ ಬೇಕಾದರೂ ಇಡಬಹುದು. ಬುಡು ಅನ್ನುವುದು ನಮ್ಮ ಗದ್ದೆ ಬಯಲಿನ ಮಾತು. ಪಾಲಿಟೆಕ್ನಿಕ್ಕಿನಲ್ಲಿ ಓದುವಾಗ ಬಾಯಿತಪ್ಪಿ ‘ಬುಡಿ ಸಾರ್’ ಅಂದದ್ದಕ್ಕೆ ಮೈಸೂರಿನ ಹುಡುಗರು ವರ್ಷವಿಡೀ ನನ್ನನ್ನು ‘ಬುಡಣ್ಣ’ ಅಂತ ಕರೆದಿದ್ದರು. ಜರ್ಮನಿಯವನಿಗೆ ಬಿಡು ಯಾವುದು, ಬುಡು ಯಾವುದು, ಎರಡೂ ಒಂದೇ ಎಂಬ ಬುದ್ಧಿ ಆ ಗಳಿಗೆಯಲ್ಲಿ ಬರಲಿಲ್ಲ.

“ಅದಾ? ಅದೇನಿಲ್ಲ, ಹಳ್ಳಿಯವರ ಮಾತು” ಎಂದೆ. “ಹೋಗಲಿ, ಬೇಡ, ಅನ್ನೋ ಅರ್ಥ. ಅದಕ್ಕೆ ಅಂಥ ಮಹತ್ವ ಇಲ್ಲ.”

ನಾನು ಬೆಸುಗೆಯವನು. ಆ ಸಾಲು ಏನು ಕೆಲಸ ಮಾಡುತ್ತದೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವುದಕ್ಕೆ ಬಾಯಿ ಬರಲಿಲ್ಲ. ಯೂರ್ಗೆನ್ ಏನನ್ನೋ ಗುರುತು ಹಾಕಿಕೊಂಡು ಮುಂದಿನ ಪುಟಕ್ಕೆ ಹೋದ.

ಭಾನುವಾರ

ಭಾನುವಾರ ಆ ಊರು ಇನ್ನಷ್ಟು ಸತ್ತಿರುತ್ತದೆ. ಎಲ್ಸಾ ಅವರು ಕಪ್ಪು ಕೋಟು ತೊಟ್ಟು, ನೀರು ಹಾಕುವ ಡಬ್ಬಿ ಹಿಡಿದು ಹೊರಟವರು, ಕಿಟಕಿಯಲ್ಲಿ ಕೂತಿದ್ದ ನನ್ನನ್ನು ಕಂಡು ಬಾ ಎಂದು ಕೈಬೀಸಿದರು. ಹೋದದ್ದು ಸ್ಮಶಾನಕ್ಕೆ. ನಮ್ಮಲ್ಲಿ ತಿಥಿ ಬಿಟ್ಟರೆ ಆ ಕಡೆ ತಲೆ ಹಾಕುವವರಿಲ್ಲ. ಅಲ್ಲಿ ತೋಟದಂತೆ ಇಟ್ಟಿದ್ದರು. ಪ್ರತಿ ಸಮಾಧಿಗೂ ಹೂವಿನ ಪಾತಿ, ಪ್ರತಿ ಪಾತಿಗೂ ಒಬ್ಬೊಬ್ಬ ಮುದುಕಿ.

ಆಯಮ್ಮ ಗಂಡನ ಪಾತಿಗೆ ನೀರು ಹಾಕಿ, ಒಣಗಿದ ಎಲೆ ಆಯ್ದು, ಬೆಂಚಿನ ಮೇಲೆ ನನ್ನ ಪಕ್ಕ ಕೂತರು. ಜರ್ಮನ್‌ನಲ್ಲಿ ಏನೋ ಹೇಳತೊಡಗಿದರು. ಒಂದಕ್ಷರ ಅರ್ಥವಾಗಲಿಲ್ಲ. ಅವರದು ಮುಗಿದ ಮೇಲೆ ನಾನು ಕನ್ನಡದಲ್ಲಿ ಶುರು ಮಾಡಿದೆ. ಬೋರ ಹೀಗಿದ್ದ, ಹಾಗಿದ್ದ, ಹಟಮಾರಿ, ಡಾಕ್ಟರ ಹತ್ತಿರ ಬಾರೋ ಅಂದರೆ ಬೇರಿನ ಕಷಾಯ ಕುಡೀತೀನಿ ಅಂದ, ನಾನು ಕೊರಳಪಟ್ಟಿ ಹಿಡಿದು ಎಳೆದುಕೊಂಡು ಹೋಗಬೇಕಿತ್ತು, ಹೋಗಲಿಲ್ಲ, ಅದೇ ನನ್ನನ್ನು ಕೊಲ್ಲುತ್ತಿದೆ ತಾಯಿ ಎಂದೆ. ಊರಿನಲ್ಲಿ ಯಾರ ಮುಂದೆಯೂ ಬಾಯಿಗೆ ಬಾರದಿದ್ದ ಮಾತು ಅದು. ಅವರು ಕೊನೆತನಕ ಕೇಳಿಸಿಕೊಂಡರು. ನನ್ನ ತೋಳಿಗಿಂತ ಒಂದು ಗೇಣು ಉದ್ದವಿದ್ದ ಬೋರನ ಸ್ವೆಟರಿನ ತೋಳನ್ನು ಎರಡು ಮಡಿಕೆ ಮಡಿಸಿ ಸರಿಮಾಡಿದರು. ಆಮೇಲೆ ಇಬ್ಬರೂ ಎದ್ದು ಮನೆಗೆ ಬಂದು, ಅವರು ಕೆಳಗೆ, ನಾನು ಮೇಲೆ, ಬೇರೆ ಬೇರೆ ಕೂತು ಬ್ರೆಡ್ಡು ತಿಂದೆವು.

ಬೀಟ್ ಹೊಲ

ನಾಲ್ಕನೆಯ ವಾರ ಪೆಟ್ಟಿಗೆಯನ್ನು ಯಂತ್ರಕ್ಕೆ ಕೂರಿಸಿ ಹೊಲಕ್ಕೆ ಇಳಿಸಿದರು. ಆ ಯಂತ್ರವೋ, ನಮ್ಮ ಊರಿನ ಎರಡು ಲಾರಿ ಸೇರಿಸಿದಷ್ಟು ದೊಡ್ಡದು. ಒಂದು ಕಡೆಯಿಂದ ಗೆಡ್ಡೆ ಕಿತ್ತು, ಸೊಪ್ಪು ಸವರಿ, ಹೊಟ್ಟೆಗೆ ತುಂಬಿಕೊಳ್ಳುತ್ತ ಹೋಗುತ್ತದೆ. ನಾನು ಡ್ರೈವರನ ಹಿಂದೆ ಕುಕ್ಕರಗಾಲಿನಲ್ಲಿ ಕೂತೆ. ಯೂರ್ಗೆನ್ ಪಕ್ಕದಲ್ಲಿ ನಿಂತಿದ್ದ.

ಎಂಜಿನ್ ಬಿಸಿ ನಲವತ್ತೆರಡು ಡಿಗ್ರಿ ಎಂದು ಪೆಟ್ಟಿಗೆ ತೋರಿಸಿತು. ನನ್ನ ಎದೆ ಹಿಗ್ಗಿತು. ಒಂದು ಸಾಲು ಹೋಗಿ ಬಂದೆವು, ನಲವತ್ತೆರಡು. ನಾಲ್ಕು ಸಾಲು ಆಯಿತು, ನಲವತ್ತೆರಡು. ಎಂಟನೆಯ ಸಾಲಿಗೆ ಸುಟ್ಟ ವಾಸನೆ ಬಂತು. ಡ್ರೈವರು ಗಾಡಿ ನಿಲ್ಲಿಸಿ ಕೆಳಗೆ ಹಾರಿದ. ರೇಡಿಯೇಟರು ಬುಸುಗುಡುತ್ತಿತ್ತು. ನೀರಿನ ಪೈಪು ಒಡೆದು ಎಂಜಿನ್ನು ಕುದಿಯುತ್ತಿದ್ದರೂ ನಮ್ಮ ಪೆಟ್ಟಿಗೆ ನಲವತ್ತೆರಡು ಎಂದು ತಣ್ಣಗೆ ಕೂತಿತ್ತು.

ಯಾರೂ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು. ಯೂರ್ಗೆನ್ ಪೆಟ್ಟಿಗೆಯನ್ನು ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ರಟ್ಟಿನ ಡಬ್ಬದಲ್ಲಿ ಇಟ್ಟು ನನ್ನ ಕೈಗೆ ಕೊಟ್ಟ. “ಕ್ಷಮಿಸಿ. ಇದನ್ನು ನಾವು ಬಳಸಲಾಗದು. ನೀವು ಉಳಿದ ದಿನ ಊರು ನೋಡಿಕೊಂಡು ಹೋಗಿ” ಎಂದ. ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ರತ್ನಮ್ಮನಿಗೆ ಏನು ಹೇಳಲಿ ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮತ್ತೆ ಶೆಡ್ಡು

ಮರುದಿನ ಊರು ನೋಡಲು ಹೋಗಲಿಲ್ಲ. ಪೆಟ್ಟಿಗೆಯೊಳಗೆ ಆಗ ಇದ್ದ ಪ್ರೋಗ್ರಾಮನ್ನು ಕಾಗದದ ಮೇಲೆ ಹೊಡೆದುಕೊಡಿ ಎಂದು ಕೇಳಿ ಇಸಕೊಂಡು ಬಂದೆ. ಊರಿಂದ ತಂದಿದ್ದ ಬೋರನ ಹಳೆಯ ಪ್ರತಿಯನ್ನು ಪಕ್ಕಕ್ಕಿಟ್ಟೆ. ಮಂಚದ ಮೇಲೆ ಕೂತು, ಒಂದನೇ ಕ್ಲಾಸಿನವನ ಹಾಗೆ ಬೆರಳಿಟ್ಟು ಎರಡನ್ನೂ ಓದಿದೆ. ಬೆಳಗಿನಿಂದ ಸಂಜೆಯವರೆಗೆ ಓದಿದೆ. ಒಂದೇ ಒಂದು ವ್ಯತ್ಯಾಸ. ಹೊಸದರಲ್ಲಿ ಎಲ್ಲಿಯೂ ‘ಬುಡು’ ಇರಲಿಲ್ಲ.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ, ಇದೇ ರೋಗ ನಮ್ಮ ಪೆಟ್ಟಿಗೆಗೆ ಶ್ರೀರಂಗಪಟ್ಟಣದಲ್ಲೇ ಇತ್ತು. ಮೊದಲ ಸುದ್ದಿ ಬರುತ್ತಿತ್ತು, ಎರಡನೆಯದು ಬರುತ್ತಿರಲಿಲ್ಲ. ತಲೆಕೆಟ್ಟು ಇಬ್ಬರೂ ಪಾಂಡವಪುರದ ಕಾರ್ಖಾನೆಗೆ ಅವನ ಭಾವನ ಕಬ್ಬಿನ ಗಾಡಿಯ ಜೊತೆ ಹೋಗಿದ್ದೆವು. ತೂಕದ ಹಲಗೆಯ ಮೇಲೆ ಒಂದು ಗಾಡಿ ನಿಂತಿತ್ತು. ತೂಕವಾಗಿ ಚೀಟಿ ಸಿಕ್ಕಿದ್ದರೂ ಗಾಡಿಯವನು ಇಳಿದು ಬೀಡಿ ಹಚ್ಚಿಕೊಂಡು ಯಾರೊಡನೆಯೋ ಹರಟುತ್ತಿದ್ದ. ಹಿಂದೆ ಮೈಲುದ್ದ ಸಾಲು. ಯಾರೋ ಅರಚಿದರು: “ಲೇ, ತೂಕ ಆಯ್ತಲ್ಲ, ಬುಡ್ಲಾ ಗಾಡಿಯ! ನೀನ್ ಬುಟ್ರೆ ತಾನೆ ಹಿಂದಿನೋನು ಬರಾದು!”

ಬೋರ ನನ್ನ ಬೆನ್ನಿಗೆ ಗುದ್ದಿದ. “ಸಿಕ್ತು ಕಣ್ಲಾ ಶಿವ! ನಮ್ ಪೆಟ್ಗೆ ಒಳ್ಗಿನ ಚಿಪ್ಪೂ ಇಂಗೇ ಮಾಡ್ತಾ ಇರೋದು. ಓದ್ಕಂಡ ಸುದ್ದಿಯ ಕೈಲೇ ಇಟ್ಕಂಡು ಕುಂತದೆ. ಬುಡು ಅಂತ ನಾವೇ ಯೋಳ್ಬೇಕು.” ಅಂದೇ ವಾಪಸ್ಸು ಬಂದು ಆ ಒಂದು ಸಾಲು ಸೇರಿಸಿದ್ದ. ಪೆಟ್ಟಿಗೆ ಓಡಿತ್ತು. ಪಕ್ಕದಲ್ಲೇ ಇದ್ದ ನಾನು ಅವನ ಕುಣಿತ ನೋಡಿ ನಕ್ಕು, ವಿಷಯ ಮರೆತಿದ್ದೆ.

ಕಾಗದ ಹಿಡಿದು ಬೆಳಿಗ್ಗೆ ಎದ್ದವನೇ ಶೆಡ್ಡಿಗೆ ಹೋದೆ. ಈ ಸಲ ಬಸ್ಸಿಗೆ ಮುಂಚೆಯೇ ನಿಂತಿದ್ದೆ. ಯೂರ್ಗೆನ್ ಮುಂದೆ ಎರಡೂ ಪ್ರತಿ ಹರಡಿದೆ. ಈ ಪದವನ್ನು ಯಾಕೆ ತೆಗೆದೆ ಎಂದು ಕೇಳಿದೆ.

“ಮಹತ್ವವಿಲ್ಲ, ಬೇಡ ಅನ್ನುವ ಅರ್ಥ ಎಂದು ನೀವೇ ಹೇಳಿದಿರಿ. ಬಂದ ಸುದ್ದಿಯನ್ನು ಇದು ಬಿಸಾಡುತ್ತಿದೆ ಅಂದುಕೊಂಡೆ. ಸ್ವಚ್ಛ ಮಾಡಿದೆ.”

“ನಾನು ಹೇಳಿದ್ದು ಸುಳ್ಳು” ಎಂದೆ. “ನನಗೆ ಗೊತ್ತಿರಲಿಲ್ಲ. ಅದು ನಮ್ಮ ಹಳ್ಳಿ ಮಾತು, ನಿಮ್ಮ ಮುಂದೆ ಅದನ್ನು ಬಿಡಿಸಿ ಹೇಳಲು ನಾಚಿಕೆಯಾಯಿತು. ತೂಕ ಆದಮೇಲೆ ಗಾಡಿ ಹಲಗೆಯಿಂದ ಇಳಿಯಬೇಕು, ಆಗಲೇ ಮುಂದಿನ ಗಾಡಿ. ಆ ಇಳಿಸುವ ಮಾತು ಇದು.”

ಅವನು ಎರಡೂ ಪ್ರತಿಯ ಮೇಲೆ ಬೆರಳಿಟ್ಟು ನೋಡಿದ. ಕೊನೆಗೆ, “ನಾನೂ ಇನ್ನೊಂದು ಸಲ ಕೇಳಬೇಕಿತ್ತು” ಎಂದ. ಕಾಗದ ಮಡಿಸುತ್ತ, “ನನ್ನ ಅಜ್ಜಿ ಆಡುತ್ತಿದ್ದ ಜರ್ಮನ್ ಬೇರೆ. ಈ ಕಡೆಯ ಹಳ್ಳಿಯದು. ಆಫೀಸಿನಲ್ಲಿ ನಾನೂ ಅದನ್ನು ಆಡುವುದಿಲ್ಲ” ಎಂದ. ಆರು ವಾರದಲ್ಲಿ ಅವನು ತನ್ನ ಬಗ್ಗೆ ಹೇಳಿಕೊಂಡದ್ದು ಅದೊಂದೇ.

ಬುಡು ತನ್ನ ಜಾಗಕ್ಕೆ ಬಂತು. ಪೆಟ್ಟಿಗೆ ಮತ್ತೆ ಹೊಲಕ್ಕೆ ಹೋಯಿತು. ಎರಡು ದಿನ ಬೆಳಗಿನಿಂದ ಬೈಗಿನವರೆಗೆ ಬಿಸಿ ಏರಿದರೆ ಏರಿತು, ಇಳಿದರೆ ಇಳಿಯಿತು, ಒಂದೂ ತಪ್ಪಲಿಲ್ಲ. ಡ್ರೈವರು ಹೆಬ್ಬೆರಳೆತ್ತಿದ, ಯೂರ್ಗೆನ್ “ತೆಗೆದುಕೊಳ್ಳುತ್ತೇವೆ” ಎಂದ. ಗಡಿಯಾರ ಐದು ತೋರಿಸಿದ್ದೇ ಎಲ್ಲರೂ ಟೋಪಿ ಹಾಕಿಕೊಂಡು ಅವರವರ ಮನೆಗೆ ಹೋದರು. ಹೊಲದ ಅಂಚಿನಲ್ಲಿ ನಾನೊಬ್ಬನೇ ಉಳಿದೆ. ಗೆದ್ದೆವಲ್ಲೋ ಎಂದು ಜೋರಾಗಿ ಕೂಗಿದೆ. ಕಾಗೆಗಳು ಎದ್ದು ಹಾರಿದವು.

ಹೊರಡುವ ಮುನ್ನಾದಿನ ಯೂರ್ಗೆನ್ ಕೇಳಿದ: ಈ ಪ್ರೋಗ್ರಾಮನ್ನು ಲಿನಕ್ಸಿನವರ ರೂಢಿಯಂತೆ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಬಿಟ್ಟುಕೊಡೋಣ, ಮೇಲೆ ಬರೆದವರ ಹೆಸರು ಬೇಕು, ಯಾರದು? ಬೋರೇಗೌಡ, ಶೀಳನೆರೆ ಎಂದು ನಾನೇ ಟೈಪು ಮಾಡಿದೆ. ಏನಾದರೂ ಕೇಳುವುದಿದ್ದರೆ ಅವರ ವಿಳಾಸ ಎಂದ. ಆ ಜಾಗವನ್ನು ಖಾಲಿ ಬಿಟ್ಟೆ.

ನಾಗಮಂಗಲ

ಊರಿಗೆ ಬಂದ ಮೂರನೆಯ ದಿನ ನಾಗಮಂಗಲಕ್ಕೆ ಹೋದೆ. ರತ್ನಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಪ್ರೋಗ್ರಾಮು ಅಚ್ಚಾಗಿದ್ದ ಕಾಗದ ತೆಗೆದು, ಮೊದಲ ಸಾಲಿನ ಮೇಲೆ ಬೆರಳಿಟ್ಟು, ಇದು ಅವನ ಹೆಸರು, ಇದು ಶೀಳನೆರೆ ಎಂದು ಓದಿ ಹೇಳಿದೆ. ಅವರು ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡರು.

“ಯಾರಾರಾ ಅಳಿಸ್ಬುಟ್ರೆ?”

“ಒಳಗಿರೋದನ್ನ ಯಾರು ಬೇಕಾದರೂ ತಿದ್ದಬಹುದಮ್ಮ. ಹೆಸರು ಮಾತ್ರ ಅಳಿಸೋ ಹಾಗಿಲ್ಲ, ಅದು ಕಟ್ಟಳೆ.”

“ಸರಿ ಬುಡಿ” ಅಂದರು. ಕಣ್ಣೊರೆಸಿಕೊಂಡು ಆ ಅಕ್ಷರಗಳನ್ನೇ ನೋಡುತ್ತ ಕೂತರು. ನನಗೆ ತಡೆಯಲಾಗಲಿಲ್ಲ. ಶೆಡ್ಡಿನಲ್ಲಿ ನಡೆದದ್ದನ್ನು, ಅವನ ಮಾತನ್ನು ಬೇರೆಯವರ ಮುಂದೆ ಏನಿಲ್ಲ, ಬೇಡ ಎಂದು ತಳ್ಳಿಹಾಕಿದ್ದನ್ನು, ಅದರಿಂದ ಎಲ್ಲವೂ ಮುಳುಗಲಿದ್ದದ್ದನ್ನು ಬಿಡದೆ ಹೇಳಿದೆ.

ರತ್ನಮ್ಮ ನನ್ನ ಮುಖ ನೋಡಿದರು. ಅಳುವಿನ ಮಧ್ಯೆಯೇ ನಕ್ಕರು. “ನಾಚ್ಕಂಡ್ರಾ? ಅವ್ರ್ ಇದ್ದಿದ್ರೆ ನಿಮ್ಮ ಎಕ್ಕಡದಲ್ಲಿ ಒಡೆಯೋರು ಶಿವಣ್ಣ. ಲೇ ಶಿವ, ಮಾನಗೆಟ್ಟೋನೇ ಅಂತ ಬಾಯ್ಗೆ ಬಂದಂಗೆ ಬೈಯೋರು.”

ಅವರು ಹಾಗೆ ಅಂದದ್ದೇ ತಡ, ಇಷ್ಟು ದಿನ ಎಲ್ಲಿತ್ತೋ, ನನಗೆ ದುಃಖ ಉಕ್ಕಿ ಬಂತು. ವಿಮಾನದಲ್ಲಿ, ಆ ಊರಿನಲ್ಲಿ, ಇಲ್ಲಿ ಶ್ರೀರಂಗಪಟ್ಟಣದಲ್ಲಿ ಕೂಡ, ಅವ್ವನೊಬ್ಬಳನ್ನು ಬಿಟ್ಟರೆ, ಎಲ್ಲರೂ ನನಗೆ ಬನ್ನಿ, ಹೋಗಿ ಅನ್ನುವವರೇ.

“ಬೈದಿದ್ರೆ ಬೈಸ್ಕೊತಿದ್ದೆ ಕಣಮ್ಮ” ಎಂದೆ. “ಈಗ ನನ್ನ ಲೇ ಅನ್ನೋರು ಯಾರವ್ರೆ?”

ರತ್ನಮ್ಮ ಅವರೆಕಾಯಿ ಮೊರವನ್ನು ನನ್ನ ಕಡೆಗೂ ಸ್ವಲ್ಪ ಸರಿಸಿದರು. ಇಬ್ಬರೂ ಕೂತು ಸುಲಿದೆವು.